ದೆವ್ವ ಅಲುಗದಿರಲಿ: ಯುವ ಬರಹಗಾರ್ತಿಗೊಂದು ಪತ್ರ

ಬಸವನಗುಡಿ, ಬೆಂಗಳೂರು

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆ ಓದಿದೆ. ಚಾಮರಾಜಪೇಟೆಯ ಹಳೆಯ ಮನೆ, ಬಾಗಿಲ ಮೇಲೆ ಅಜ್ಜಿ ಇದ್ದಿಲಿನಲ್ಲಿ ಬರೆದಿಟ್ಟ 'ನಾಳೆ ಬಾ', ಮೊಮ್ಮಗಳ ಮದುವೆಗೆಂದು ಬಣ್ಣ ಹೊಡೆಸುವಾಗ ಆ ಬರಹವೂ ಮುಚ್ಚಿಹೋಗುವುದು, ಅದೇ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುವುದು. ಹನ್ನೆರಡು ನಿಮಿಷದ ಸ್ಟಾಪ್ ಮೋಷನ್ ಚಿತ್ರಕ್ಕೆ, ಅಂದರೆ ಗೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು ಜೋಡಿಸುವ ಚಿತ್ರಕ್ಕೆ, ಇದಕ್ಕಿಂತ ಗಟ್ಟಿಯಾದ ಕಥೆ ಬೇಕಿಲ್ಲ. ಗೊಂಬೆ ಚಿತ್ರವನ್ನು ಮಕ್ಕಳೇ ತಾನೇ ನೋಡುವುದು, ಹಾಗಾಗಿ ಭಯ ತಗ್ಗಿಸಿ ನಗು ಹೆಚ್ಚಿಸಲೇ ಎಂದು ಕೇಳಿದ್ದೀಯ. ಬೇಡ. ಈ ಪತ್ರದಲ್ಲಿ ನಾನು ಹೇಳಬೇಕಾದದ್ದೆಲ್ಲ ಆ ಒಂದು 'ಬೇಡ'ಕ್ಕೆ ಸೇರಿದ್ದು.

1990ರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಆ ಬರಹ ಗೊತ್ತು. ದೆವ್ವ ಮನೆಯವರ ದನಿಯಲ್ಲೇ ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದರೆ ಸಾವು. ಆದರೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಹಗಲಲ್ಲಿ ಈ ಸುದ್ದಿಗೆ ನಕ್ಕವರೇ ದೀಪ ಹಚ್ಚುವ ಹೊತ್ತಿಗೆ ಸೀಮೆಸುಣ್ಣ ಹುಡುಕುತ್ತಿದ್ದರು. ನಗು, ಭಯ ಎರಡೂ ಒಂದೇ ಮನೆಯಲ್ಲಿ, ಒಂದೇ ದಿನ ಇದ್ದವು. ಅವನ್ನು ಬೆರೆಸುವ ಕೆಲಸವನ್ನು ಊರೇ ಮಾಡಿಟ್ಟಿದೆ. ನೀನು ಅದನ್ನು ಕೆಡಿಸದಿದ್ದರೆ ಸಾಕು.

ಎರಡನೆಯ ಪ್ರತಿಯಲ್ಲಿ ನೀನು ಕೆಡಿಸಲು ಹೊರಟಿದ್ದೀಯ. ದೆವ್ವ ಟ್ರಾಫಿಕ್ಕಿನ ಬಗ್ಗೆ ಗೊಣಗುತ್ತದೆ, ಹೊಸ್ತಿಲಲ್ಲಿ ಜಾರಿ ಬೀಳುತ್ತದೆ. ಆ ಎರಡು ಸಾಲುಗಳಾದ ಮೇಲೆ ನನಗೆ ಯಾರ ಬಗ್ಗೆಯೂ ಭಯ ಉಳಿಯಲಿಲ್ಲ, ಭಯ ಹೋದ ಕ್ಷಣದಿಂದ ನಗುವೂ ಬರಲಿಲ್ಲ. 2004ರ 'ಆಪ್ತಮಿತ್ರ'ವನ್ನು ನೆನಪಿಸಿಕೋ. ದ್ವಾರಕೀಶ್ ಅವರ ಗಾಬರಿಗೆ ಚಿತ್ರಮಂದಿರವೇ ನಕ್ಕಿತು. ನಾಗವಲ್ಲಿಯನ್ನು ಕಂಡು ಯಾರೂ ನಗಲಿಲ್ಲ. ನಗು ಹೆದರುವವರದು, ಹೆದರಿಸುವವರದಲ್ಲ. ನಮ್ಮ ತೊಗಲು ಗೊಂಬೆಯಾಟದವರಿಗೂ ಇದು ಗೊತ್ತಿತ್ತು: ಕಿಳ್ಳೇಕ್ಯಾತ ಎಂಬ ಹಾಸ್ಯದ ಗೊಂಬೆ ಬಂದು ಎಷ್ಟೇ ನಗಿಸಿ ಹೋದರೂ ರಾವಣ ರಾವಣನಾಗಿಯೇ ಉಳಿಯುತ್ತಾನೆ.

ಇಂಗ್ಲೆಂಡಿನ ಆರ್ಡ್‌ಮನ್ ಸ್ಟುಡಿಯೋದವರು 2005ರಲ್ಲಿ ಮಾಡಿದ 'ದ ಕರ್ಸ್ ಆಫ್ ದ ವೇರ್-ರ್ಯಾಬಿಟ್' ಚಿತ್ರವನ್ನು ಈ ದೃಷ್ಟಿಯಿಂದಲೇ ಮತ್ತೊಮ್ಮೆ ನೋಡು. ನಿಕ್ ಪಾರ್ಕ್ ಮತ್ತು ಸ್ಟೀವ್ ಬಾಕ್ಸ್ ನಿರ್ದೇಶಿಸಿದ್ದು, ಮರುವರ್ಷ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆದದ್ದು. ಅದರಲ್ಲಿ ರಾಕ್ಷಸ ಮೊಲವೊಂದು ರಾತ್ರಿ ಬಂದು ತಿನ್ನುವುದು ಮನುಷ್ಯರನ್ನಲ್ಲ, ತರಕಾರಿಯನ್ನು. ಆದರೆ ಊರಿನವರಿಗೆ ದೈತ್ಯ ತರಕಾರಿಗಳ ಸ್ಪರ್ಧೆ ಹತ್ತಿರ ಬಂದಿದೆ. ಕುಂಬಳಕಾಯಿ ಹೋದರೆ ಅವರ ಪಾಲಿಗೆ ಮಾನವೇ ಹೋದಂತೆ. ಹುಣ್ಣಿಮೆ, ಚರ್ಚು, ಮಂಜು, ಹಳೆಯ ಭಯಾನಕ ಚಿತ್ರಗಳ ನೆರಳು ಬೆಳಕು ಎಲ್ಲವನ್ನೂ ನಿರ್ದೇಶಕರು ಪೂರ್ತಿ ಗಂಭೀರವಾಗಿ ಕಟ್ಟಿದ್ದಾರೆ. ಆ ಗಾಂಭೀರ್ಯವಿರುವುದರಿಂದಲೇ ನಾವು ನಗುತ್ತೇವೆ.

ಈಗ ಗೊಂಬೆಯ ವಿಷಯ. ನೀನು ಗೊಂಬೆ ಮಾಡುವವಳಲ್ಲ, ಬರೆಯುವವಳು. ಆದರೂ ನಿನ್ನ ಒಂದೊಂದು ಸಾಲಿಗೂ ಇನ್ನೊಬ್ಬರ ಬೆರಳು ದುಡಿಯುತ್ತದೆ ಎಂಬುದು ತಲೆಯಲ್ಲಿರಬೇಕು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಭಂಗಿ ಬೇಕು. ನಿನ್ನ ಹನ್ನೆರಡು ನಿಮಿಷಕ್ಕೆ 8,640. 'ಅಜ್ಜಿ ಗಾಬರಿಯಿಂದ ನಡುಮನೆಗೆ ಓಡಿದಳು' ಎಂದು ನೀನು ಒಂದು ಗಳಿಗೆಯಲ್ಲಿ ಬರೆದುಬಿಟ್ಟೆ. ಆ ಓಟ ನಾಲ್ಕು ಸೆಕೆಂಡು ಎಂದಿಟ್ಟುಕೋ, 48 ಭಂಗಿ. ಪ್ರತಿ ಹೆಜ್ಜೆಗೂ ಗೊಂಬೆ ಬೀಳದಂತೆ ಸೆಟ್ಟಿನ ನೆಲಕ್ಕೆ ತೂತು ಕೊರೆದು, ಕೆಳಗಿನಿಂದ ಪಾದಕ್ಕೆ ಸ್ಕ್ರೂ ಬಿಗಿಯಬೇಕು. ಒಳಗಿನ ಅಲ್ಯೂಮಿನಿಯಂ ತಂತಿ ಮಂಡಿಯ ಹತ್ತಿರ ಬಳಲಿ ಮುರಿಯುತ್ತದೆ. ಮೇಲಾಗಿ ನಿನ್ನ ಅಜ್ಜಿ ಸೀರೆ ಉಟ್ಟಿದ್ದಾಳೆ! ಬಟ್ಟೆ ತಾನಾಗಿ ಹಾರುವುದಿಲ್ಲ. ಸೆರಗಿನ ಅಂಚಿಗೆ ಸಣ್ಣ ತಂತಿ ಹೊಲಿದು, ಅದನ್ನೂ ಕಾಲಿನ ಜೊತೆ ಜೊತೆಗೆ ಒಂದೊಂದೇ ಎಳೆ ಬಗ್ಗಿಸಬೇಕು. ಓಟ ಬೇಡ ಎನ್ನುತ್ತಿಲ್ಲ. ಇಡೀ ಚಿತ್ರದಲ್ಲಿ ಅಜ್ಜಿ ಒಮ್ಮೆ ಮಾತ್ರ ಓಡಲಿ, ಆ ಓಟಕ್ಕಾಗಿ ನಾವು ಕಾಯುವಂತಿರಲಿ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ನಟ ಸುಮ್ಮನೆ ನಿಂತರೂ ಉಸಿರಾಡುತ್ತಾನೆ, ಕಣ್ಣು ಮಿಟುಕಿಸುತ್ತಾನೆ. ಗೊಂಬೆ ನಿಂತರೆ ನಿಂತೇಬಿಟ್ಟಿತು. ಅರೆ ಸೆಕೆಂಡಿನೊಳಗೆ ಅದು ಸತ್ತಂತೆ ಕಾಣುತ್ತದೆ. ಅನಿಮೇಟರುಗಳು ಇದರ ವಿರುದ್ಧ ಹಗಲಿರುಳು ಸೆಣಸುತ್ತಾರೆ, ನಿಂತ ಪಾತ್ರದ ಬೆರಳನ್ನೋ ರೆಪ್ಪೆಯನ್ನೋ ಅಲುಗಿಸುತ್ತಲೇ ಇರುತ್ತಾರೆ. ಭಯದ ಕಥೆ ಬರೆಯುವವರಿಗೆ ಇದು ಸಿಕ್ಕ ನಿಧಿ. ದೆವ್ವ ಅಲುಗುವುದೇ ಬೇಡ. ಎದುರಿಗಿರುವ ಮನುಷ್ಯರು ಮಾತ್ರ ಕನ್ನಡಕ ಸರಿಮಾಡಿಕೊಳ್ಳಲಿ, ಸೆರಗು ಹೊದೆಯಲಿ, ಚಿಲಕ ಮುಟ್ಟಿ ಮುಟ್ಟಿ ನೋಡಲಿ. ಒಂದೇ ಚೌಕಟ್ಟಿನಲ್ಲಿ ಜೀವವಿರುವವರ ಚಡಪಡಿಕೆ, ಜೀವವಿಲ್ಲದ್ದರ ನಿಶ್ಚಲತೆ. ನಗುವೂ ಭಯವೂ ಒಟ್ಟಿಗೇ ಹುಟ್ಟುವ ಜಾಗ ಅದು. ದೆವ್ವ ಜಾರಿ ಬೀಳುವ ದೃಶ್ಯವನ್ನು ನಾನು ತೆಗೆ ಎನ್ನುವುದಕ್ಕೆ ನಿಜವಾದ ಕಾರಣವೂ ಇದೇ.

ನಾಲ್ಕನೆಯ ದೃಶ್ಯದ ಜಡಿಮಳೆಯನ್ನು ಕೈಬಿಡು. ನೀರು, ಹೊಗೆ, ಬೆಂಕಿ ಮೂರೂ ಫ್ರೇಮ್ ಫ್ರೇಮಿಗೆ ನಿಲ್ಲುವ ವಸ್ತುಗಳಲ್ಲ. ಹನಿಗೆ ಗ್ಲಿಸರಿನ್ ಬಳಸುತ್ತಾರೆ, ಹರಿಯುವ ನೀರಿಗೆ ಪ್ಲಾಸ್ಟಿಕ್ ಹಾಳೆ. ವೇರ್-ರ್ಯಾಬಿಟ್ ಮಾಡಿದವರೇ ಮಂಜಿಗೆ ಕಂಪ್ಯೂಟರಿನ ನೆರವು ಪಡೆದರು. ಮಳೆಯ ಸದ್ದು ಹೊರಗೆ ಕೇಳಿಸಲಿ, ಬಾಗಿಲಡಿಯಿಂದ ಒಂದು ತೇವದ ಗೆರೆ ಒಳಗೆ ಬರಲಿ. ಅಷ್ಟರಲ್ಲೇ ಹೊರಗೆ ಯಾರೋ ನೆನೆದು ನಿಂತಿದ್ದಾರೆ ಎಂದು ತಿಳಿಯುತ್ತದೆ.

ನಿನ್ನ ಗೆಳೆಯರು ಪಾಟರಿ ಟೌನಿನಿಂದ ಮಣ್ಣು ತರುವ ಮಾತಾಡುತ್ತಿದ್ದಾರಂತೆ. ಮನೆಯ ಹೆಂಚು, ಒಲೆ, ಕುಂಡಗಳಿಗೆ ಅದು ಸೊಗಸು. ಅಲುಗುವ ಮೈಗೆ ಆಗದು, ಒಣಗಿ ಬಿರಿಯುತ್ತದೆ. ಅದಕ್ಕೆ ಒಣಗದ, ಎಣ್ಣೆಯ ಮಾಡೆಲಿಂಗ್ ಕ್ಲೇಯೇ ಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ದೀಪಗಳ ಕಾವಿಗೆ ಅದೂ ಮೆತ್ತಗಾಗುತ್ತದೆ. ಕಿಟಕಿಗಳನ್ನು ಪೂರ್ತಿ ಮುಚ್ಚಿ, ದೀಪಗಳಿಗೆ ಯುಪಿಎಸ್ ಹಾಕಿ. ವೋಲ್ಟೇಜ್ ಏರಿಳಿದರೆ ಚಿತ್ರದಲ್ಲಿ ಬೆಳಕು ಮಿನುಗುತ್ತದೆ, ರಸ್ತೆಯಲ್ಲಿ ಲಾರಿ ಹೋದರೆ ಕ್ಯಾಮೆರಾ ಕೂದಲೆಳೆಯಷ್ಟು ಸರಿಯುತ್ತದೆ. ಮಣ್ಣಿನ ಮೇಲೆ ಬೆರಳ ಗುರುತು ಉಳಿದರೆ ಅಳಿಸಲು ಹೋಗಬೇಡಿ. ಆರ್ಡ್‌ಮನ್ನಿನ ಗೊಂಬೆಗಳ ಮೇಲೂ ಅವು ಕಾಣುತ್ತವೆ. ಕೈಯಿಂದ ಮಾಡಿದ್ದು ಎಂಬ ನಂಬಿಕೆಯನ್ನು ನೋಡುವವರಲ್ಲಿ ಹುಟ್ಟಿಸುವುದು ಅವೇ.

ಮಾತನ್ನು ಮೊದಲು ಧ್ವನಿಮುದ್ರಿಸಿ, ಆಮೇಲೆ ಅದಕ್ಕೆ ಬಾಯಿ ಕೂಡಿಸುತ್ತಾರೆ. ಒಂದೊಂದು ಉಚ್ಚಾರಕ್ಕೂ ಬೇರೆ ಬೇರೆ ಬಾಯಿ ಮಾಡಿಟ್ಟು ಬದಲಿಸುತ್ತ ಹೋಗುವುದು. 1993ರ 'ದ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' ಚಿತ್ರದ ನಾಯಕನಿಗೆ ಸುಮಾರು 400 ತಲೆಗಳನ್ನು ಮಾಡಿದ್ದರು. ನಿಮಗೆ ಅಷ್ಟು ಬೇಡ. ಆದರೆ ಅಂತರ್ಜಾಲದಲ್ಲಿ ಸಿಗುವ ಇಂಗ್ಲಿಷ್ ಬಾಯಿಗಳ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ, ವಾಕ್ಯ ಮುಗಿದಾಗ ಗೊಂಬೆಯ ಬಾಯಿ ತೆರೆದಿರುತ್ತದೆ. ಆ ತೆರೆದ ಬಾಯಿಯನ್ನು ಯಾವಾಗ ಮುಚ್ಚಬೇಕು ಎಂಬುದನ್ನು ನೀನೇ ಬರೆದುಕೊಡು. ದೆವ್ವ ಹೊರಗಿನಿಂದ "ಅಮ್ಮಾ" ಎಂದು ಕೂಗುವಾಗ ಒಳಗೆ ಅಜ್ಜಿಯ ತುಟಿಯೂ ಸದ್ದಿಲ್ಲದೆ ಅದೇ ಕೂಗಿಗೆ ಮುಚ್ಚಿ ತೆರೆಯಲಿ. ಇಷ್ಟು ವರ್ಷ ರಾತ್ರಿರಾತ್ರಿ ಕೇಳಿದ ಕೂಗು, ಅವಳಿಗೆ ಬಾಯಿಪಾಠವಾಗಿದೆ. ಇದಕ್ಕೆ ಒಂದು ಸಾಲು ಸಂಭಾಷಣೆಯೂ ಬೇಡ.

ಈಗ ನಿನ್ನ ಆರನೆಯ ದೃಶ್ಯಕ್ಕೆ ಬರುತ್ತೇನೆ, ನನಗೆ ತುಂಬ ಇಷ್ಟವಾದದ್ದು. ಬರಹ ಬಣ್ಣದಡಿ ಹೋಗಿದೆ, ದೆವ್ವ ಗೇಟಿನ ಹತ್ತಿರ ಬಂದಿದೆ, ಅಜ್ಜಿಯ ಕೈ ನಡುಗುತ್ತಿದೆ. ಬರೆಯಬೇಕಾದವನು ಮೊಮ್ಮಗ, ಅವನಿಗೆ ಕನ್ನಡ ಬರೆಯಲು ಸರಿಯಾಗಿ ಬಾರದು. ಅವಸರದಲ್ಲಿ ತನಗೆ ಗೊತ್ತಿರುವ ಸುಲಭದ ಅಕ್ಷರ ಮೊದಲು ಬರೆದುಬಿಡೋಣವೆಂದು 'ಬಾ' ಎಂದು ಬರೆಯುತ್ತಾನೆ, ಅಷ್ಟರಲ್ಲಿ ಸೀಮೆಸುಣ್ಣ ಮುರಿಯುತ್ತದೆ. ಎಂಥ ಕಲ್ಪನೆ! ಆದರೆ ಅದರ ಬೆನ್ನಿಗೇ ಅವನ ಬಾಯಲ್ಲಿ "ಅಯ್ಯೋ, ನಾನು ದೆವ್ವಕ್ಕೆ ಬಾ ಎಂದು ಬರೆದುಬಿಟ್ಟೆ" ಎಂದು ಹೇಳಿಸಿದ್ದೀಯ. ಹೊಡೆದುಹಾಕು ಆ ಸಾಲನ್ನು. ಹುಡುಗನ ಬೆನ್ನು, ಹಸಿ ಬಣ್ಣದ ಬಾಗಿಲ ಮೇಲೆ ಆ ಒಂದು ಅಕ್ಷರ, ನೆಲದಲ್ಲಿ ಉರುಳುವ ಸೀಮೆಸುಣ್ಣದ ತುಂಡು. ಅದು ಉರುಳಿ ಹೋಗಿ ಒಂದು ಪಾದಕ್ಕೆ ತಾಗಿ ನಿಲ್ಲಲಿ. ಆ ಪಾದ ಅಲುಗದಿರಲಿ. ಓದಬಲ್ಲ ಪ್ರೇಕ್ಷಕ ತಾನೇ ಓದಿಕೊಂಡು ತಾನೇ ಹೆದರಬೇಕು, ಹೆದರುತ್ತಲೇ ನಗಬೇಕು. ವಿವರಿಸಿದರೆ ಎರಡನ್ನೂ ಅವನಿಂದ ಕಿತ್ತುಕೊಂಡಂತೆ.

ಚಿತ್ರ ಮುಗಿದ ಮೇಲಿನ ಮಾತು. ಇಂಥ ಚಿತ್ರಕ್ಕೆ ಎರಡು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ಗೊಂಬೆಯೆಂದು ಮಕ್ಕಳನ್ನು ಕರೆತಂದವರು ಹೆದರಿಸಿದಿರಿ ಎನ್ನುತ್ತಾರೆ. ದೆವ್ವವೆಂದು ಬಂದ ದೊಡ್ಡವರು ಮಕ್ಕಳಾಟ ಎನ್ನುತ್ತಾರೆ. ನೀನು ಎದೆಗುಂದಬಾರದು. ಟಿಮ್ ಬರ್ಟನ್ 1984ರಲ್ಲಿ 'ಫ್ರಾಂಕನ್‌ವೀನಿ' ಎಂಬ ಕಿರುಚಿತ್ರ ಮಾಡಿದಾಗ ಮಕ್ಕಳಿಗೆ ಇದು ಅತಿಯಾಯಿತೆಂದು ಡಿಸ್ನಿ ಸಂಸ್ಥೆ ಬದಿಗಿಟ್ಟಿತು. 2012ರಲ್ಲಿ ಅದೇ ಸಂಸ್ಥೆ ಅದೇ ಕಥೆಯನ್ನು ಪೂರ್ಣಪ್ರಮಾಣದ ಕಪ್ಪು-ಬಿಳುಪು ಸ್ಟಾಪ್ ಮೋಷನ್ ಚಿತ್ರವಾಗಿ ಹೊರತಂದಿತು, ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಹೆನ್ರಿ ಸೆಲಿಕ್ ನಿರ್ದೇಶಿಸಿದ 'ನೈಟ್‌ಮೇರ್'ಗೂ ತನ್ನ ಹೆಸರು ಕೊಡಲು ಡಿಸ್ನಿ ಆರಂಭದಲ್ಲಿ ಹಿಂಜರಿದು, ತನ್ನದೇ ಇನ್ನೊಂದು ಸಂಸ್ಥೆಯಾದ ಟಚ್‌ಸ್ಟೋನ್ ಹೆಸರಿನಲ್ಲಿ ಬಿಡುಗಡೆ ಮಾಡಿತ್ತು. 2023ರಲ್ಲಿ ಅದು ಕಾಪಾಡಿಡಬೇಕಾದ ಚಿತ್ರಗಳ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಭಯವನ್ನು ನಂಬಿ ಮಾಡಿದ ಚಿತ್ರಕ್ಕೆ ಪ್ರೇಕ್ಷಕರು ತಡವಾಗಿಯಾದರೂ ಬರುತ್ತಾರೆ.

ಊರಿನ ನಂಬಿಕೆಗೂ ಮರ್ಯಾದೆ ಕೊಡಬೇಕು. ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಎಂಬ ದ್ವೀಪದಲ್ಲಿ ಕಲ್ಲುಗಣಿಯ ಕೆಲಸದವರ ಕಾಲದಿಂದಲೂ ಮೊಲದ ಹೆಸರೆತ್ತುವುದು ಅಪಶಕುನ. ವೇರ್-ರ್ಯಾಬಿಟ್ ಬಿಡುಗಡೆಯಾದಾಗ ಅಲ್ಲಿಗೆಂದೇ ಆ ಹೆಸರಿಲ್ಲದ ಪೋಸ್ಟರುಗಳನ್ನು ಮಾಡಿಸಿದರು. ನನಗೆ ಈ ಸಂಗತಿ ಬಹಳ ಪ್ರಿಯ. ನಗಿಸುವ ಚಿತ್ರ ಮಾಡಿದವರೇ ಇನ್ನೊಬ್ಬರ ಭಯವನ್ನು ಲೇವಡಿ ಮಾಡಲಿಲ್ಲ. ನಿನ್ನ ಚಿತ್ರ ನೋಡಲು ಬರುವವರಲ್ಲಿ ಆ ಕಾಲದಲ್ಲಿ ನಿಜವಾಗಿ ಬಾಗಿಲ ಮೇಲೆ ಬರೆದವರು ಇರುತ್ತಾರೆ. ಅವರನ್ನು ಮೂಢರೆಂದು ಕಾಣಿಸುವ ಒಂದು ಮಾತೂ ಚಿತ್ರದಲ್ಲಿರಬಾರದು.

ಸೆನ್ಸಾರಿಗೆ ಹೋಗುವುದಾದರೆ, 2024ರ ನಿಯಮಗಳಲ್ಲಿ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಯು/ಎ ವರ್ಗವನ್ನು 7+, 13+, 16+ ಎಂದು ಮೂರಾಗಿ ಒಡೆದಿದ್ದಾರೆ. ಎಲ್ಲರೂ ನೋಡಬಹುದೆಂಬ 'ಯು' ಸಿಗಲೆಂದು ಈಗಲೇ ಕತ್ತರಿ ಹಿಡಿದು ಕೂರಬೇಡ. ಮೊದಲ ಪ್ರದರ್ಶನ ಮೊಬೈಲಿನಲ್ಲಿ ಮಾತ್ರ ಬೇಡ, ಒಬ್ಬರೇ ಕೂತು ನೋಡುವಾಗ ನಗು ಗಟ್ಟಿಯಾಗಿ ಹೊರಡುವುದಿಲ್ಲ. ಬನಶಂಕರಿಯ ಸುಚಿತ್ರಾದಂಥ ಸಭಾಂಗಣದಲ್ಲಿ, ಅಜ್ಜಿಯರೂ ಮಕ್ಕಳೂ ಬೆರೆತ ಗುಂಪಿಗೆ ತೋರಿಸಿ. ನೀನು ಪರದೆ ನೋಡಬೇಡ, ಬದಿಯಲ್ಲಿ ಕೂತು ಮುಖಗಳನ್ನು ನೋಡು. ಎಲ್ಲಿ ನಕ್ಕರು ಎಂಬುದಕ್ಕಿಂತ, ನಕ್ಕ ಮೇಲೆ ಎಷ್ಟು ಬೇಗ ಸುಮ್ಮನಾದರು ಎಂಬುದನ್ನು ಗುರುತು ಹಾಕಿಕೋ. ಕೂಡಲೇ ಸುಮ್ಮನಾದರೆ ಭಯ ಇನ್ನೂ ಜೀವಂತವಾಗಿದೆ. ಪತ್ರಿಕೆಯ ವಿಮರ್ಶೆಗಿಂತ ಆ ಗುರುತುಗಳು ನಿನ್ನ ಮುಂದಿನ ಚಿತ್ರಕಥೆಗೆ ಹೆಚ್ಚು ಬೇಕಾಗುತ್ತವೆ.

ಒಂದು ದೊಡ್ಡ ಕೊರತೆ ಉಳಿದಿದೆ. ಕೊನೆಯಲ್ಲಿ ಅಜ್ಜಿ ಮಂತ್ರ ಹೇಳುತ್ತಾಳೆ, ದೆವ್ವ ಮಾಯವಾಗುತ್ತದೆ. ಇದು ಯಾವ ಅಜ್ಜಿಗೂ, ಯಾವ ದೆವ್ವಕ್ಕೂ ಒಪ್ಪುವ ಅಂತ್ಯ, ನಿನ್ನ ಅಜ್ಜಿಯದಲ್ಲ. ಮೂವತ್ತು ವರ್ಷ ಆ ದೆವ್ವವನ್ನು ಹೊಸ್ತಿಲಾಚೆ ನಿಲ್ಲಿಸಿದವಳು ಅವಳು. ಅದರ ನಡೆ, ಅದು ಬರುವ ಹೊತ್ತು, ಅದರ ದೌರ್ಬಲ್ಯ ಅವಳಿಗಷ್ಟೇ ಗೊತ್ತು. 'ಬಾ' ಎಂದು ಕರೆಸಿಕೊಂಡು ಒಳಗೆ ಬಂದ ದೆವ್ವದೆದುರು ಅವಳು ತನ್ನ ಕೈಗಳಿಂದ ಏನು ಮಾಡುತ್ತಾಳೆ? ಮಾತಿಲ್ಲದೆ, ಒಂದೇ ಕೆಲಸ. ಅದು ನನಗೆ ಹೊಳೆದರೂ ನಿನಗೆ ಹೇಳುವುದಿಲ್ಲ, ನೀನೇ ಕಂಡುಕೊಳ್ಳಬೇಕಾದದ್ದು. ಅದು ಸಿಗುವವರೆಗೆ ಗೊಂಬೆಗಳಿಗೆ ಮುಂಗಡ ಕೊಡಬೇಡಿ. ಸಿಕ್ಕ ದಿನ ಹೊಸ ಪ್ರತಿ ತೆಗೆದುಕೊಂಡು ಮನೆಗೆ ಬಾ, ಒಟ್ಟಿಗೆ ಕೂತು ಓದೋಣ.

ಇತಿ,
ನಿನ್ನ ಅಕ್ಕ