ಗಾಳದ ಕೋಲಿಗೆ ಬಾಗುವ ಅಳತೆ ಯಾಕಿಲ್ಲ?

ಸಂಪಾದಕರಿಗೆ,

ಮಾನ್ಯರೇ,

ಗಾಳದ ಕೋಲು ಕೊಳ್ಳಲು ಹೋದವರು ಈಗ ಅಂಗಡಿಯಲ್ಲಿ ಮೊದಲು ಕೇಳುವುದು 'ಕಾರ್ಬನ್ನಾ?' ಅಂತ, ಆಮೇಲೆ 'ಎಷ್ಟು ಗ್ರಾಂ ಎಸೆಯಬಹುದು?' ಅಂತ. ಎರಡಕ್ಕೂ ಉತ್ತರ ಕೋಲಿನ ಮೇಲೆ ದಪ್ಪಕ್ಷರದಲ್ಲೇ ಇರುತ್ತದೆ. ಮೀನು ಎಳೆದಾಗ ಅದು ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂಬುದು ಮಾತ್ರ ನಮ್ಮಲ್ಲಿ ಮಾರುವ ಹೆಚ್ಚಿನ ಕೋಲುಗಳ ಮೇಲೆ ಕಾಣುವುದಿಲ್ಲ. ಹಳೆಯ ಬಿದಿರಿನ ಕೋಲು ಮೇಲೋ ಹೊಸ ಕಾರ್ಬನ್ ನಾರಿನದು ಮೇಲೋ ಎಂಬ ವಾದ ಈ ಅಳತೆಯಿಲ್ಲದೆ ಬಗೆಹರಿಯುವಂಥದ್ದಲ್ಲ.

ಅಳತೆ ಇಂಗ್ಲೆಂಡಿನದು. ಅಲ್ಲಿ ಸಾಲ್ಮನ್, ಟ್ರೌಟ್ ಬಿಟ್ಟು ಮಿಕ್ಕ ಸಿಹಿನೀರ ಮೀನುಗಳನ್ನು ಗಾಳದಲ್ಲಿ ಹಿಡಿಯುವುದಕ್ಕೆ ಕೋರ್ಸ್ ಫಿಶಿಂಗ್, ಅಂದರೆ 'ಒರಟು' ಮೀನಿನ ಬೇಟೆ ಎನ್ನುತ್ತಾರೆ. ಹೆಸರಿಟ್ಟವರು ಟ್ರೌಟ್ ಹಿಡಿಯುವ ದೊಡ್ಡ ಮನುಷ್ಯರೇ ಇರಬೇಕು! ಕಾರ್ಪ್, ರೋಚ್, ಟೆಂಚ್, ಬ್ರೀಮ್ ಎಲ್ಲ ಈ ಗುಂಪಿಗೆ ಸೇರುತ್ತವೆ. ನಮ್ಮ ಕೆರೆಗಳಿಗೆ ಬಿಡುವ ಕಾಮನ್ ಕಾರ್ಪ್ ಅದೇ ಜಾತಿ. ಕಾಟ್ಲಾ, ರೋಹು, ಮೃಗಾಲ್ ಅದರ ದಾಯಾದಿಗಳು. ಹಾಗಾಗಿ ಅಲ್ಲಿನ ಕೋಲಿನ ಲೆಕ್ಕ ನಮ್ಮ ಕೆರೆ ಏರಿಯ ಮೇಲೂ ನಡೆಯುತ್ತದೆ.

1952ರಲ್ಲಿ ರಿಚರ್ಡ್ ವಾಕರ್ ಎಂಬಾತ ರೆಡ್‌ಮೈರ್ ಎಂಬ ಸಣ್ಣ ಕೊಳದಲ್ಲಿ 44 ಪೌಂಡ್, ಅಂದರೆ ಸುಮಾರು 20 ಕಿಲೋ ತೂಗುವ ಕಾರ್ಪ್ ಹಿಡಿದು ಬ್ರಿಟನ್ನಿನ ದಾಖಲೆ ಮಾಡಿದರು. ಅವರು ಕಾರ್ಪ್‌ಗೆಂದೇ ರೂಪಿಸಿದ 'ಮಾರ್ಕ್ ಫೋರ್' ಕೋಲು 10 ಅಡಿ ಉದ್ದ, ಎರಡು ತುಂಡು, ಪೂರಾ ಬಿದಿರಿನದು. ಬಿದಿರಿನದು ಎಂದರೆ ಕಡಿದು ತಂದ ಗಳು ಅಲ್ಲ. ದಕ್ಷಿಣ ಚೀನಾದ ಟಾಂಕಿನ್ ಬಿದಿರನ್ನು ಸೀಳಿ, ಪ್ರತಿ ಸೀಳನ್ನೂ 60 ಡಿಗ್ರಿಯ ಮೂರು ಮೂಲೆಗೆ ಹೆರೆದು, ಗಟ್ಟಿ ನಾರಿರುವ ಸಿಪ್ಪೆಯ ಮಗ್ಗುಲು ಹೊರಗೆ ಬರುವಂತೆ ಆರು ಸೀಳುಗಳನ್ನು ಅಂಟಿಸಿದ ಆರು ಮುಖದ ಕಡ್ಡಿ. ಅದು ಬುಡದವರೆಗೂ ಬಾಗುತ್ತದೆ. ಮೀನು ಏಕಾಏಕಿ ಓಡಿದಾಗ ಜಗ್ಗನ್ನು ಕೋಲೇ ನುಂಗಿಕೊಳ್ಳುವುದರಿಂದ ತಂಗೂಸಿಯೂ ಉಳಿಯುತ್ತದೆ, ಮೀನಿನ ಬಾಯಿಯೂ ಉಳಿಯುತ್ತದೆ.

ಹಾಗಂತ ಬಿದಿರನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಅದು ಭಾರ, ದಿನವಿಡೀ ಕೈಯಲ್ಲಿ ಹಿಡಿದರೆ ಮಣಿಕಟ್ಟು ಸೋಲುತ್ತದೆ. ಒದ್ದೆಯಲ್ಲೇ ಚೀಲಕ್ಕೆ ತುರುಕಿದರೆ ವಾರ್ನಿಷ್ ಬಿರಿದ ಕಡೆ, ಅದರಲ್ಲೂ ತುಂಡುಗಳು ಸೇರುವ ಹಿತ್ತಾಳೆ ಜೋಡಿನ ಬಾಯಲ್ಲಿ, ನೀರಿಳಿದು ಅಂಟು ಬಿಡುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ಅದೇ ಬಾಗು ನಿಂತುಬಿಡುತ್ತದೆ. ನಮ್ಮೂರ ಬಿದಿರ ಗಳುವಿಗೆ ಇವೆಲ್ಲದರ ಜೊತೆಗೆ ಕುಟ್ಟೆ ಹುಳುವಿನ ಕಾಟ.

ಈಗ ಅಳತೆ. ಕೋಲಿನ ಬುಡವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದಾಗ ತುದಿ ನೇರ ಕೆಳಮುಖವಾಗಲು ಎಷ್ಟು ಭಾರ ಬೇಕೋ ಅದು ಅದರ 'ಟೆಸ್ಟ್ ಕರ್ವ್'. ಮನೆಯಲ್ಲಿ ಹೀಗೆ ನೋಡಬಹುದು: ಜೋಡುಗಳನ್ನು ಪೂರ್ತಿ ಕೂರಿಸಿ, ಹಿಡಿಕೆಯನ್ನು ಮಹಡಿಯ ಕಟಕಟೆಗೋ ಎತ್ತರದ ಕಟ್ಟೆಗೋ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿ. ದಾರವನ್ನು ಎಲ್ಲ ಉಂಗುರಗಳಲ್ಲೂ ಪೋಣಿಸಿ, ರೀಲಿನ ಕಡೆ ಭದ್ರ ಮಾಡಿ, ತುದಿಯಿಂದ ಎರಡು ಲೀಟರಿನ ಖಾಲಿ ಬಾಟಲಿ ತೂಗಿಬಿಡಿ. ಮಗ್ಗಿನಿಂದ ಸ್ವಲ್ಪ ಸ್ವಲ್ಪವೇ ನೀರು ಹೊಯ್ಯುತ್ತ ಹೋಗಿ. ತುದಿ ಲಂಬವಾದ ಕೂಡಲೇ ನಿಲ್ಲಿಸಿ, ಬಾಟಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 680 ಗ್ರಾಂ ಬಂದರೆ ಅದು ಒಂದೂವರೆ ಪೌಂಡಿನ ಕೋಲು. ವಾಕರ್ ಕೋಲಿನ ಲೆಕ್ಕವೂ ಅಷ್ಟೇ. ಅದನ್ನು ಐದರಿಂದ ಗುಣಿಸಿದರೆ ಕೋಲಿಗೆ ಒಪ್ಪುವ ದಾರದ ತಾಳಿಕೆ ಸಿಗುತ್ತದೆ: ಏಳೂವರೆ ಪೌಂಡ್, ಸುಮಾರು 3.4 ಕಿಲೋ. ನಾಲ್ಕರಷ್ಟಕ್ಕಿಂತ ತೆಳು ಹಾಕಿದರೆ ದಾರ ಕಡಿಯುತ್ತದೆ, ಆರರಷ್ಟಕ್ಕಿಂತ ದಪ್ಪ ಹಾಕಿದರೆ ಅಪಾಯ ಕೋಲಿಗೆ.

ಬಿದಿರಿನ ನಂತರ ಟೊಳ್ಳು ಗ್ಲಾಸ್ ಫೈಬರ್ ಬಂತು. ಭಾರ, ಸ್ವಲ್ಪ ತೂಗಾಟ, ಆದರೆ ಒದ್ದರೂ ಬದುಕುವ ಜೀವ. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಗಟ್ಟಿ ಕಾರ್ಬನ್ ನಾರು ತಯಾರಿಸುವ ವಿಧಾನ ಸಿದ್ಧವಾಯಿತು. 70ರ ದಶಕದಲ್ಲಿ ಅದು ಗಾಳದ ಕೋಲಿಗೂ ಬಂತು. ಹಗುರ, ಬಿಗುಪು, ನೀರ ಮೇಲೆ ತೇಲಿಬಿಟ್ಟ ಬೆಂಡು ಮುಳುಗಿದ ಕ್ಷಣ ಎತ್ತಿದರೆ ಕೊಕ್ಕೆ ಅಲ್ಲೇ ನಾಟುತ್ತದೆ. ಬೆಂಡು ಕಟ್ಟಿ ಹಿಡಿಯುವ 13 ಅಡಿಯ ಕೋಲನ್ನು ಒಂದೇ ಕೈಯಲ್ಲಿ ದಿನವಿಡೀ ಹಿಡಿಯುವುದು ಆರಾಮ ಅನ್ನಿಸಿದ್ದು ಕಾರ್ಬನ್ ಬಂದ ಮೇಲೆಯೇ. ಆ ಕೆಲಸಕ್ಕೆ ಹಳೆಯದನ್ನು ಹೋಲಿಸುವ ಮಾತೇ ಇಲ್ಲ.

ತಕರಾರು ಇರುವುದು ಕಾರ್ಪ್ ಕೋಲಿನಲ್ಲಿ. ಇಂದಿನ ಕಾರ್ಪ್ ಕೋಲು ಸಾಮಾನ್ಯವಾಗಿ 12 ಅಡಿ, ಟೆಸ್ಟ್ ಕರ್ವ್ ಎರಡೂಮುಕ್ಕಾಲರಿಂದ ಮೂರೂವರೆ ಪೌಂಡ್. ಅದನ್ನು ಮಾಡಿರುವುದು 80–100 ಗ್ರಾಂ ಸೀಸವನ್ನು ನೂರು ಮೀಟರ್ ಆಚೆ ಎಸೆಯಲು. ನಮ್ಮ ಕೆರೆಗಳಲ್ಲಿ ಏರಿಯ ಕಲ್ಲಿನಿಂದ 15–20 ಮೀಟರ್ ದೂರದಲ್ಲೇ ಮೀನು ಮೇಯುತ್ತದೆ. ಅಷ್ಟು ಹತ್ತಿರದಲ್ಲಿ ಎರಡು ಕಿಲೋ ಮೀನು ತಿರುಗಿ ಓಡಿದರೆ ಮೂರು ಪೌಂಡಿನ ಕೋಲು ಅಷ್ಟಾಗಿ ಬಾಗುವುದಿಲ್ಲ, ಕೊಕ್ಕೆ ತುಟಿ ಹರಿದುಕೊಂಡು ಬರಬಹುದು. ಜೊತೆಗೆ ಹಿಗ್ಗದ ಹೆಣೆದ ದಾರ ಹಾಕಿದ್ದರೆ ಕೇಳುವುದೇ ಬೇಡ. ಇಂಥ ಜಾಗಕ್ಕೆ 570ರಿಂದ 800 ಗ್ರಾಂ ಭಾರಕ್ಕೆ ಬಾಗುವ ಕೋಲು, ನೈಲಾನ್ ತಂಗೂಸಿ ಸಾಕು. ಅದು ಕಾರ್ಬನ್ನೇ ಆಗಿರಲಿ, ಗ್ಲಾಸೇ ಆಗಿರಲಿ.

ಕಾರ್ಬನ್ ಮುರಿಯುವ ರೀತಿಯೂ ಬೇರೆ. ಏರಿಯ ಕಲ್ಲಿಗೋ ಬೈಕಿನ ಸ್ಟ್ಯಾಂಡಿಗೋ ತಗುಲಿ ಆದ ಕೂದಲೆಳೆಯ ಗೀರು ಅವತ್ತು ಏನೂ ಮಾಡುವುದಿಲ್ಲ. ವಾರದ ನಂತರ ಎಸೆಯುವಾಗ ಅಲ್ಲಿಂದಲೇ ಫಟ್ ಎನ್ನುತ್ತದೆ. ಕೊಂಡವರು ಕಂಪನಿಯನ್ನು ಬೈಯುತ್ತಾರೆ. ಎರಡನೆಯ ಕಾರಣ, ಮೀನು ಕಾಲ ಬುಡಕ್ಕೆ ಬಂದಾಗ ದಾರ ಗಿಡ್ಡ ಮಾಡಿ ಕೋಲನ್ನು ತಲೆಯ ಹಿಂದಕ್ಕೆ ಎತ್ತುವುದು. ಆಗ ಭಾರವೆಲ್ಲ ಬುಡ ಬಿಟ್ಟು ತುದಿಯ ಒಂದಡಿಯ ಮೇಲೆ ಕೂರುತ್ತದೆ. ಕೋಲಿನಷ್ಟಾದರೂ ಉದ್ದದ ದಾರ ಹೊರಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಬಲೆಯನ್ನು ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲಕ್ಕೆ ಎಳೆಯಬೇಕು.

ಒಂದರೊಳಗೊಂದು ಕೂರುವ ಟೆಲಿಸ್ಕೋಪ್ ಕೋಲನ್ನು ಬೀಸಿ ಬಿಚ್ಚಬಾರದು. ಬಿಚ್ಚುವಾಗ ತುದಿಯಿಂದ, ಮಡಿಸುವಾಗ ಬುಡದಿಂದ. ಮರಳು ಸಿಕ್ಕಿಕೊಂಡರೆ ಕೆಳಗಿನ ಮುಚ್ಚಳ ತಿರುಗಿಸಿ ತೆಗೆದು, ತುಂಡುಗಳನ್ನು ಕಳಚಿ, ಬರಿ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಂದು ರಾತ್ರಿ ಒಣಗಿಸಿದರೆ ಸಾಕು. ಹಳೆಯ ಕೋಲು ಕೊಳ್ಳುವವರು ಉಂಗುರಗಳೊಳಗೆ ಹತ್ತಿ ತೂರಿಸಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡ ಉಂಗುರ ದಾರವನ್ನೂ ಕೊಯ್ಯುತ್ತದೆ. ಹಳೆಯ ಕ್ರೋಮ್ ಉಂಗುರಕ್ಕೆ ಹೆಣೆದ ದಾರ ಹಾಕಿದರೆ ಗರಗಸದಂತೆ ಗೀರು ಬೀಳುತ್ತದೆ.

ಕೊನೆಯದು ಜೀವದ ವಿಷಯ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಅಗ್ಗದ 'ಕಾರ್ಬನ್' ಕೋಲು ನಿಜವಾಗಿ ಕಾರ್ಬನ್ನೇ ಎಂದು ನೋಡಲು, ಬುಡದ ಬಣ್ಣವಿಲ್ಲದ ಕೊಯ್ದ ಅಂಚಿನ ಎರಡು ಕಡೆ ಮಲ್ಟಿಮೀಟರಿನ ಮುಳ್ಳು ಒತ್ತಿದರೆ ಗೊತ್ತಾಗುತ್ತದೆ: ಕಾರ್ಬನ್ನಾದರೆ ಓಮ್ ಲೆಕ್ಕ ತೋರಿಸುತ್ತದೆ, ಬರೀ ಗ್ಲಾಸಾದರೆ ಏನೂ ತೋರಿಸುವುದಿಲ್ಲ. ಇಂಥ ನಾಲ್ಕು ಮೀಟರಿನ ಕಡ್ಡಿಯನ್ನು ಎತ್ತಿ ಹಿಡಿದುಕೊಂಡು ನಾವು ನಡೆಯುವ ಕೆರೆ ಏರಿಗಳ ಮೇಲೆ ಎಷ್ಟೋ ಕಡೆ 11 ಕೆ.ವಿ. ತಂತಿ ಹಾದಿದೆ, ಪಂಪ್‌ಸೆಟ್ಟಿನ ಜೋಲು ತಂತಿಗಳಿವೆ. ಹೈ ಟೆನ್ಷನ್ ತಂತಿಗೆ ಕೋಲು ತಗುಲಲೇ ಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಕಿಡಿ ಹಾರಬಹುದು. ಬ್ರಿಟನ್ನಿನಲ್ಲಿ ತಂತಿಯಿಂದ 30 ಮೀಟರ್ ಒಳಗೆ ಗಾಳ ಹಾಕಬೇಡಿ ಎಂದು ಎಚ್ಚರಿಸುತ್ತಾರೆ. ಒದ್ದೆ ಬಿದಿರು, ಒದ್ದೆ ಗ್ಲಾಸ್ ಕೂಡ ಈ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ತಂತಿಯಿರುವ ಕಡೆ ಕೋಲನ್ನು ತುಂಡು ಬಿಚ್ಚಿಯೇ ಒಯ್ಯಬೇಕು, ನಿಲ್ಲಿಸಿಕೊಂಡಲ್ಲ.

ಮಾರಾಟಗಾರರು ಪ್ರತಿ ಕೋಲಿನ ಹಿಡಿಕೆಯ ಮೇಲೆ ಎರಡು ಸಾಲು ಕನ್ನಡದಲ್ಲಿ ಅಂಟಿಸಲಿ: ಇಷ್ಟು ಗ್ರಾಂ ಭಾರಕ್ಕೆ ಬಾಗುತ್ತದೆ, ಕರೆಂಟ್ ತಂತಿಯ ಹತ್ತಿರ ಎತ್ತಬೇಡಿ. ಮೀನುಗಾರಿಕೆ ಇಲಾಖೆಯೂ ತಂತಿ ಹಾದ ಕೆರೆಗಳ ಏರಿಯ ಮೇಲೆ ಎರಡನೆಯ ಸಾಲಿನ ಫಲಕ ಹಾಕಿಸಲಿ.

ಇತಿ,
ಒಬ್ಬ ಓದುಗ
ಮಂಡ್ಯ