ಗೋಷ್ಠಿಯ ನೇರಪ್ರಸಾರಕ್ಕೆ ನಿಂತ ಮಗಳಿಗೆ

ಬೆಳಗಾವಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಲ್ಲಿ ನಿಮ್ಮ ಕಾಲೇಜಿನವರು ನಡೆಸುವ ಗೋಷ್ಠಿಯನ್ನು ಮೂರು ಕ್ಯಾಮೆರಾ ಹಚ್ಚಿ ಯೂಟ್ಯೂಬಿನಲ್ಲಿ ಲೈವ್ ಮಾಡುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ನಿಮ್ಮವ್ವ ಹೇಳಿದಳು. ಬಹಳ ಸಂತೋಷವಾಯಿತವ್ವ. ನೀನು ಕೇಳಿದ್ದು ಕ್ಯಾಮೆರಾ ಎಲ್ಲೆಲ್ಲಿ ಇಡಬೇಕು ಅಂತ. ಅದಕ್ಕೂ ಮೊದಲು ಧ್ವನಿಯ ಮಾತು. ಚಿತ್ರ ತುಸು ಮಸುಕಾದರೂ ಜನ ಸಹಿಸಿಕೊಳ್ಳುತ್ತಾರೆ. ಮಾತು ತಿಳಿಯದಿದ್ದರೆ ಎದ್ದು ಹೋಗುತ್ತಾರೆ.

ಕ್ಯಾಮೆರಾದ ಮೈಕನ್ನು ನಂಬಬೇಡ. ಅದಕ್ಕೆ ಸಿಗುವುದು ಹಾಲಿನ ಪ್ರತಿಧ್ವನಿ, ಫ್ಯಾನಿನ ಸದ್ದು. ಸೌಂಡ್‌ನವರ ಮಿಕ್ಸರಿನಿಂದ ನಿನಗೆಂದೇ ಒಂದು ಆಕ್ಸ್ ಔಟ್ (ಹಾಲಿನ ಸ್ಪೀಕರಿಗೆ ಹೋಗುವುದನ್ನು ಬಿಟ್ಟು ಬೇರೆಯಾಗಿ ದನಿ ಹೊರಬರುವ ದಾರಿ) ಕೇಳು. ಅದು ಪ್ರೀ-ಫೇಡರ್ ಇರಲಿ, ಅಂದರೆ ದನಿ ಏರಿಳಿಸುವ ಫೇಡರಿಗಿಂತ ಮೊದಲೇ ಹೊರಡುವಂಥದ್ದು. ಹಾಲಿನಲ್ಲಿ ಮೈಕು ಕುಂಯ್ ಎಂದ ಕೂಡಲೇ ಅವರು ಫೇಡರ್ ಇಳಿಸುತ್ತಾರೆ. ಪೋಸ್ಟ್-ಫೇಡರ್ ಆಗಿದ್ದರೆ ನಿನ್ನ ಲೈವ್‌ನಲ್ಲೂ ಮಾತಾಡುವವರ ದನಿ ಇಳಿದುಬಿಡುತ್ತದೆ.

ಕೇಬಲ್ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಓದು. ಮಿಕ್ಸರಿನ ಆಕ್ಸ್ ಔಟ್ ಸಾಮಾನ್ಯವಾಗಿ ಬ್ಯಾಲೆನ್ಸ್ಡ್ ಮೋನೋ, ಅಂದರೆ ಒಂದೇ ದನಿ ಒಂದು ತಂತಿಯಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಬರುತ್ತದೆ. ಕ್ಯಾಮೆರಾಗಳನ್ನು ಬದಲಿಸಿ ತೋರಿಸುವ ಸ್ವಿಚರಿನ 3.5 ಎಂಎಂ ಜಾಕ್ ಸ್ಟೀರಿಯೋ, ಎಡಕ್ಕೊಂದು ಬಲಕ್ಕೊಂದು ತಂತಿ. ಎರಡೂ ಕಡೆಯ ಪಿನ್ನಿಗೆ ಮೂರು ಭಾಗ ಇರುವುದರಿಂದ ನೇರ ಕೇಬಲ್ ಚುಚ್ಚಿದರೆ ಸಲೀಸಾಗಿ ಕೂರುತ್ತದೆ, ಹೆಡ್‌ಫೋನಿನಲ್ಲಿ ದನಿಯೂ ಬರುತ್ತದೆ. ಆದರೆ ಎಡಕ್ಕೆ ಹೋದ ಸಿಗ್ನಲ್ಲೇ ಬಲಕ್ಕೆ ತಲೆಕೆಳಗಾಗಿ ಹೋಗಿರುತ್ತದೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಎರಡೂ ಕೂಡಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ತುಟಿ ಆಡುವುದು ಕಾಣುತ್ತದೆ, ಮಾತು ಮಾಯ. ಲೈವ್ ಕಳಿಸುವ ಓಬಿಎಸ್ ಸಾಫ್ಟ್‌ವೇರಿನಲ್ಲಿ ಎಡ-ಬಲ ಕೂಡಿಸುವ ಮೋನೋ ಟಿಕ್ ಹಾಕಿದರೆ ಅಲ್ಲೇ ಅಳಿಸಿಹೋಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ಮಿಕ್ಸರ್, ಸ್ವಿಚರ್ ನಡುವೆ ಆಡಿಯೋದ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ತಂತಿ ನೇರ ಕೂಡಿಸದೆ ದನಿಯನ್ನಷ್ಟೇ ದಾಟಿಸುವ ಪುಟ್ಟ ಡಬ್ಬಿ) ಹಾಕು, ಅದರ ಮೋನೋ ಔಟ್‌ಪುಟ್ಟನ್ನು ಎಡ-ಬಲ ಎರಡಕ್ಕೂ ಬೆಸೆದ ಕೇಬಲ್ ಮಾಡಿಸಿಕೋ. ಅರ್ಥಿಂಗಿನಿಂದ ಬರುವ ಗುಂಯ್ ಸದ್ದೂ ಅದರಿಂದಲೇ ಹೋಗುತ್ತದೆ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾವತ್ತೂ ಕೀಳಬೇಡ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಎಟಿಇಎಂ ಮಿನಿ ಎಂಬ ಸ್ವಿಚರ್ ಬಳಸುವುದಾದರೆ ಅದರ ಆಡಿಯೋ ಇನ್‌ಪುಟ್ಟನ್ನು ಮೈಕಿನಿಂದ ಲೈನಿಗೆ (ಮಿಕ್ಸರಿನಿಂದ ಬರುವ ಜೋರು ಸಿಗ್ನಲ್ಲಿಗೆ) ಬದಲಿಸು, ಇಲ್ಲದಿದ್ದರೆ ದನಿ ಒಡೆಯುತ್ತದೆ. ಮಾತಿನ ಏರು ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಆಡಲಿ. ದನಿ ಚಿತ್ರಕ್ಕಿಂತ ಮುಂಚೆ ಬರುತ್ತದೆ. ಕ್ಯಾಮೆರಾ ಮುಂದೆ, ಮೈಕಿನ ಹತ್ತಿರ ಚಪ್ಪಾಳೆ ತಟ್ಟಿಸಿ ರೆಕಾರ್ಡಿಂಗ್ ನೋಡು. 25 ಫ್ರೇಮಿನಲ್ಲಿ ಒಂದೊಂದು ಫ್ರೇಮಿಗೆ 40 ಮಿಲಿಸೆಕೆಂಡ್, ಅಷ್ಟಷ್ಟೇ ಧ್ವನಿಯನ್ನು ಹಿಂದಕ್ಕೆ ತಳ್ಳುತ್ತ ಹೋಗು.

ಇನ್ನು ಕ್ಯಾಮೆರಾ. ಒಂದು ನಡುವೆ, ಇಡೀ ವೇದಿಕೆಗೆ, ಅದನ್ನು ಅಲ್ಲಾಡಿಸಬೇಡ. ಉಳಿದೆರಡು ಅಡ್ಡಡ್ಡ: ಎಡದ ಕ್ಯಾಮೆರಾ ಬಲಗಡೆ ಕುಳಿತವರನ್ನು, ಬಲದ್ದು ಎಡಗಡೆಯವರನ್ನು ಹಿಡಿಯಲಿ. ಗೋಷ್ಠಿಯಲ್ಲಿ ಅವರು ಒಬ್ಬರನ್ನೊಬ್ಬರು ನೋಡಿ ಮಾತಾಡುತ್ತಾರೆ, ತಮ್ಮ ಕಡೆಯವರನ್ನೇ ಹಿಡಿದರೆ ನಿನಗೆ ಸಿಗುವುದು ಬರೀ ಕಿವಿ. ಟ್ರೈಪಾಡ್ ಕುಳಿತವರ ಕಣ್ಣಿನ ಮಟ್ಟಕ್ಕೆ ಏರಲಿ. ಮೇಜಿನ ಮೇಲಿನ ಹೂಗುಚ್ಛ, ನೀರಿನ ಬಾಟಲಿಗಳನ್ನು ಮೊದಲೇ ಸರಿಸಲು ಹೇಳು. ಯಾರು ಬಾಯಿ ತೆರೆಯುತ್ತಾರೆ ಎಂದು ಗೊತ್ತಾಗದಿದ್ದಾಗ ನಡುವಿನ ಕ್ಯಾಮೆರಾಕ್ಕೆ ಬಾ. ಮಾತಾಡುವವರನ್ನೇ ತೋರಿಸುತ್ತ ಕೂರಬೇಡ. ತಕರಾರಿನ ಮಾತು ಬಂದಾಗ ಪಕ್ಕದವರ ಮುಖದಲ್ಲೇ ಗೋಷ್ಠಿ ನಡೆಯುತ್ತಿರುತ್ತದೆ. ಸನ್ಮಾನದ ಹೊತ್ತಿಗೆ ಫೋಟೋದವರು ಅಡ್ಡ ನಿಲ್ಲುವುದು ಖಂಡಿತ, ಆಗ ಪಕ್ಕದ ಕ್ಯಾಮೆರಾಗಳೇ ಗತಿ.

ಮೂರಕ್ಕೂ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್. 1/60 ಇಟ್ಟರೆ ಟ್ಯೂಬ್‌ಲೈಟಿನಡಿ ಪಟ್ಟೆ ಓಡುತ್ತವೆ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ವೇದಿಕೆಯ ದೀಪ ಹಚ್ಚಿಸಿ ಬಿಳಿ ಹಾಳೆ ಹಿಡಿದು ಮೂರಕ್ಕೂ ಒಂದೇ ಅಂಕೆ ಕೊಡು. ಆಟೋ ಪವರ್ ಆಫ್ ತೆಗೆ. ಎಚ್‌ಡಿಎಂಐ ಕೇಬಲನ್ನು 10 ಮೀಟರ್ ಆಚೆ ನಂಬಬೇಡ, ದೂರಕ್ಕೆ ಎಸ್‌ಡಿಐ (ಉದ್ದ ಕೇಬಲಿನಲ್ಲೂ ಚಿತ್ರ ಸಾಗಿಸುವ ಬಗೆ) ಕನ್ವರ್ಟರ್ ಹಾಕು.

ಪರದೆಯ ಕೆಳಗೆ ತೋರಿಸುವ ಅತಿಥಿಗಳ ಹೆಸರಿನ ಪಟ್ಟಿಗಳನ್ನು ಆಮಂತ್ರಣ ಪತ್ರಿಕೆಯ ಫೈಲಿನಿಂದ ನಕಲು ಮಾಡುವ ಮೊದಲು ನೋಡಿಕೋ. ಪ್ರೆಸ್ಸಿನವರು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕೂಡಿಸಿದ್ದರೆ ಅಕ್ಷರಗಳ ಬದಲು ಇಂಗ್ಲಿಷ್ ಗೋಜಲು ಬರುತ್ತದೆ. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ತಾಳೆ ನೋಡಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿಟ್ಟುಕೋ.

ಹೊಸ ಚಾನೆಲ್ಲಿಗೆ ಲೈವ್ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು, ಇವತ್ತೇ ಕೋರಿಕೆ ಹಾಕು. 1080 ಗುಣಮಟ್ಟದ ಚಿತ್ರಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್) ಬಿಟ್ಟರೆ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ ಕನಿಷ್ಠ 10 ಇರಲಿ, ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಫ್ರೇಮ್) 2 ಸೆಕೆಂಡಿಗೊಂದು. ವೈಫೈ ಬೇಡ, ಲ್ಯಾನ್ ಕೇಬಲ್. ಖಾಲಿ ಹಾಲಿನಲ್ಲಿ ಚೆನ್ನಾಗಿ ಓಡಿದ ಮೊಬೈಲ್ ಡೇಟಾ ಜನ ತುಂಬಿದ ಮೇಲೆ ಕುಂಟುತ್ತದೆ, ಅದು ಬದಲಿಗೆ ಮಾತ್ರ. ಸ್ವಿಚರ್, ರೂಟರ್, ಮಿಕ್ಸರ್ ಮೂರೂ ಯುಪಿಎಸ್ ಮೇಲೆ ಇರಲಿ. ಜನರೇಟರ್ ಹೊತ್ತುವ ಆ ಕೆಲವು ಸೆಕೆಂಡುಗಳೇ ಲೈವನ್ನು ಕಡಿಯುವುದು.

ವಂದನಾರ್ಪಣೆ ಮುಗಿದ ಕೂಡಲೇ ಮೊದಲು ಧ್ವನಿ ಇಳಿಸು, ಆಮೇಲೆ ಲೈವ್ ನಿಲ್ಲಿಸು. ಮೈಕು ತೆರೆದೇ ಇರುತ್ತದೆ, ಅತಿಥಿಗಳ ಖಾಸಗಿ ಮಾತು ಊರಿಗೆಲ್ಲ ಹೋಗಬಾರದು.

ರಂಗಮಂದಿರ ನೋಡಲು ಹೋದಾಗ ಮಿಕ್ಸರಿನ ಹಿಂಬದಿಯ ಫೋಟೋ ಕಳಿಸು. ಯಾವ ಪಿನ್ ಬೇಕು ನೋಡಿ, ಕೇಬಲನ್ನು ಇಲ್ಲೇ ಬೆಸೆಸಿ ಬಸ್ಸಿಗೆ ಹಾಕುತ್ತೇನೆ.

ನಿನ್ನ ಅಪ್ಪ