ಮುರಿದ ಗೇರನ್ನು ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರಿಗೆ ವಂದನೆಗಳು.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕಾಸರಗೋಡು ಜಿಲ್ಲೆಯ ಪೂರ್ವದ ಗುಡ್ಡಗಳಿಂದ, ದೇಲಂಪಾಡಿ, ಬೆಳ್ಳೂರು, ಕಾರಡ್ಕ, ಎಣ್ಮಕಜೆ, ಪನತ್ತಡಿ ಕಡೆಗಳಿಂದ, ಹಗ್ಗ ಕಟ್ಟಿ ಎಳೆದು ತಂದ ಜೀಪುಗಳು ವರ್ಕ್‌ಶಾಪುಗಳ ಎದುರು ನಿಲ್ಲುವುದು ಪ್ರತಿವರ್ಷ ಕಾಣುವ ನೋಟ. ಏನಾಯಿತೆಂದು ಕೇಳಿದರೆ ಮಾಲೀಕರು "ಗೇರ್ ಬಾಕ್ಸ್ ಹೋಯಿತು" ಎನ್ನುತ್ತಾರೆ. ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಹೇಳುವ ಧಾಟಿಯಲ್ಲೇ ಹೇಳುತ್ತಾರೆ, ಯಾಕೆ ಹೋಯಿತೆಂದು ಮರುಪ್ರಶ್ನೆ ಹಾಕುವವರು ಇಲ್ಲ. ಮುಳ್ಳೇರಿಯದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಜೀಪು ದುರಸ್ತಿ ಮಾಡಿ ಈಗ ಮನೆಯಲ್ಲಿರುವ ನಾನು, ಆ "ಯಾಕೆ"ಯ ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಯೋಚಿಸುತ್ತಿದ್ದೆ.

ಒಂದು ಉದಾಹರಣೆಯಿಂದ ಆರಂಭಿಸುತ್ತೇನೆ. ಆದೂರು ಕಡೆಯ ಅಡಿಕೆ ಕೃಷಿಕರೊಬ್ಬರ ಫೋರ್ ವ್ಹೀಲ್ ಪಿಕಪ್ಪಿನಲ್ಲಿ ಮೂರನೇ ಗೇರಿನ ಹಲ್ಲು ಮುರಿಯಿತು. ಪೇಟೆಯ ದೊಡ್ಡ ವರ್ಕ್‌ಶಾಪೊಂದು ಹೊಸ ಗೇರು ಜೋಡಿಸಿ, ದೊಡ್ಡ ಬಿಲ್ಲನ್ನೂ ಕೊಟ್ಟು ಕಳುಹಿಸಿತು. ಹದಿನಾಲ್ಕು ತಿಂಗಳು ಕಳೆದು ಅದೇ ಗೇರು ಮತ್ತೆ ಮುರಿದಾಗ ಅವರು ನನ್ನಲ್ಲಿಗೆ ಬಂದರು. ಮೊದಲು ಮುರಿದ ಗೇರು ಎಲ್ಲಿದೆಯೆಂದು ಕೇಳಿದೆ. ಅದು ಗುಜರಿಗೆ ಹೋಗಿ ಒಂದು ವರ್ಷವೇ ಆಗಿತ್ತು. ಡ್ರೈನ್ ಬೋಲ್ಟ್ ಬಿಚ್ಚಿದರೆ ಇಳಿದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ ದ್ರವ. ಗೇರ್ ಬಾಕ್ಸಿನ ಮೇಲ್ಭಾಗದಲ್ಲಿ ಗಾಳಿಯಾಡಲು ಇರುವ ಬ್ರೀದರ್ ಎಂಬ ಸಣ್ಣ ಕೊಳವೆಯ ಬಾಯಿಗೆ ಕಡಜವೊಂದು ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ದಿನವೂ ಸಂಜೆ ಗುಡ್ಡ ಹತ್ತಿ ಇಳಿದು ಬಿಸಿಯಾದ ಗಾಡಿ ಮನೆ ಸೇರಬೇಕಾದರೆ ಚಕ್ರದ ಹಬ್ಬು ಮುಳುಗುವಷ್ಟು ನೀರಿರುವ ತೋಡನ್ನು ದಾಟಬೇಕು. ಬಿಸಿಯಾದ ಪೆಟ್ಟಿಗೆ ತಣ್ಣೀರಿನಲ್ಲಿ ಥಟ್ಟನೆ ಆರುವಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ತೆರೆದಿದ್ದರೆ ಹೊರಗಿನ ಗಾಳಿ ಅಲ್ಲಿಂದ ಒಳಸೇರುತ್ತದೆ, ಮುಚ್ಚಿದ್ದರೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿನ ಸಂದಿನಿಂದ ತೋಡಿನ ನೀರನ್ನೇ ಪೆಟ್ಟಿಗೆ ಹೀರಿಕೊಳ್ಳುತ್ತದೆ. ನೀರು ಬೆರೆತ ಎಣ್ಣೆಯಲ್ಲಿ ಮೊದಲು ಬೇರಿಂಗ್ ತುಕ್ಕು ಹಿಡಿದು ಸವೆಯಿತು, ಬೇರಿಂಗ್ ಸವೆದಾಗ ಗೇರುಗಳನ್ನು ಹೊತ್ತ ಶಾಫ್ಟ್ ಓರೆಯಾಯಿತು, ಶಾಫ್ಟ್ ಓರೆಯಾದಾಗ ಹಲ್ಲಿನ ಒಂದು ತುದಿಗೇ ಪೂರ್ತಿ ಭಾರ ಬಿತ್ತು. ಎರಡು ಸಲ ಗೇರು ಕೊಂಡವರು ಒಮ್ಮೆಯಾದರೂ ಆ ಕೊಳವೆಗೆ ಊದಿ ನೋಡಿದ್ದರೆ ಸಾಕಿತ್ತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ, ಮಳೆಗಾಲಕ್ಕೆ ಮೊದಲು ಮನೆಯ ಹಂಚು ನೋಡುವವರು ಜೀಪಿನ ಬ್ರೀದರನ್ನೂ ನೋಡುವುದು ಒಳ್ಳೆಯದು. ಅದಕ್ಕೊಂದು ರಬ್ಬರ್ ಕೊಳವೆ ಸೇರಿಸಿ ಬೋನೆಟ್ಟಿನೊಳಗೆ ಎತ್ತರಕ್ಕೆ ಒಯ್ದು ಕಟ್ಟಿದರೆ ಇನ್ನೂ ಒಳ್ಳೆಯದು.

ಮುರಿದ ಹಲ್ಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಅದು ಬಹಳಷ್ಟನ್ನು ಹೇಳುತ್ತದೆ. ಮುರಿದ ಮುಖವಿಡೀ ಒರಟಾಗಿ, ಬೆಲ್ಲದ ಅಚ್ಚು ಒಡೆದಂತೆ ಹರಳುಹರಳಾಗಿ ಕಂಡರೆ ಅದು ಒಂದೇ ಪೆಟ್ಟಿಗೆ ಮುರಿದದ್ದು. ಚಾಲಕನನ್ನೂ ಹೇರಿದ ಭಾರವನ್ನೂ ವಿಚಾರಿಸಬೇಕು. ಮುಖದ ಒಂದು ಭಾಗ ನಯವಾಗಿದ್ದು, ಸಮುದ್ರದಂಡೆಯ ಮರಳಿನಲ್ಲಿ ಅಲೆ ಬಿಟ್ಟುಹೋದ ಗೆರೆಗಳಂತಹ ಬಾಗಿದ ಗೆರೆಗಳಿದ್ದು, ಉಳಿದ ಭಾಗ ಮಾತ್ರ ಒರಟಾಗಿದ್ದರೆ, ಹಲ್ಲಿನ ಬುಡದಲ್ಲಿ ಎಂದೋ ಹುಟ್ಟಿದ ಬಿರುಕು ಬಹುಕಾಲ ನಿಧಾನವಾಗಿ ಬೆಳೆದು ಕೊನೆಯ ದಿನ ಸಣ್ಣದೊಂದು ನೆಪಕ್ಕೆ ಮುರಿಯಿತೆಂದು ತಿಳಿಯಬೇಕು. ಆ ದಿನ ಸ್ಟಿಯರಿಂಗ್ ಹಿಡಿದಿದ್ದ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಹಲ್ಲು ಮುರಿಯದೆ, ಅದರ ನಡುಭಾಗದಲ್ಲಿ ಸಿಡುಬಿನ ಕಲೆಯಂತಹ ಸಣ್ಣ ಗುಳಿಗಳು ಬಿದ್ದಿದ್ದರೆ ಲೋಹ ದಣಿದಿದೆ, ಎಣ್ಣೆ ಸರಿಯಿರಲಿಲ್ಲ ಎಂದು ಅರ್ಥ. ಉಜ್ಜಿದ ಗುರುತು ಎಲ್ಲ ಹಲ್ಲುಗಳಲ್ಲೂ ಒಂದೇ ಬದಿಗೆ ಸರಿದಿದ್ದರೆ ಗೇರನ್ನು ಬಿಟ್ಟು ಬೇರಿಂಗನ್ನೋ ಶಾಫ್ಟನ್ನೋ ಪರೀಕ್ಷಿಸಬೇಕು. ನಮ್ಮ ಕಡೆಯ ಹೆಚ್ಚಿನ ವರ್ಕ್‌ಶಾಪುಗಳಲ್ಲಿ ಈ ನೋಟಕ್ಕೆ ಎರಡು ನಿಮಿಷವನ್ನೂ ಕೊಡುವುದಿಲ್ಲ ಎಂಬುದು ನನ್ನ ದೂರು, ಮತ್ತು ಆ ದೂರಿನಿಂದ ನನ್ನ ಮೊದಲ ಹತ್ತು ವರ್ಷಗಳನ್ನು ನಾನು ಹೊರಗಿಡುವುದಿಲ್ಲ.

ಮುರಿಯುವ ಮೊದಲೇ ತಿಳಿಯಲು ಕಿವಿ ಸಾಕು. ಗಾಡಿ ನಿಂತಿರುವಾಗ ಎಂಜಿನ್ ಓಡಿಸಿ, ನ್ಯೂಟ್ರಲಿನಲ್ಲಿಟ್ಟು, ಕ್ಲಚ್ಚಿನಿಂದ ಕಾಲು ತೆಗೆದಾಗ ಗುರುಗುಟ್ಟುವ ಸದ್ದು ಬಂದು, ಕ್ಲಚ್ ತುಳಿದಾಗ ಅದು ನಿಂತರೆ ಗೇರ್ ಬಾಕ್ಸಿನ ಮುಂದಿನ ಶಾಫ್ಟಿನ ಅಥವಾ ಅದರ ತಿರುಗುವಿಕೆಯನ್ನು ಗೇರುಗಳಿಗೆ ದಾಟಿಸುವ ಕೆಳಗಿನ ಕೌಂಟರ್ ಶಾಫ್ಟಿನ ಬೇರಿಂಗಿನ ಮೇಲೆ ಸಂಶಯಪಡಬೇಕು. ತುಳಿದಾಗಲೇ ಸದ್ದು ಹುಟ್ಟಿದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್, ಗೇರ್ ಬಾಕ್ಸ್ ಬಿಚ್ಚಿಸಿ ಗೇರು ಬದಲಾಯಿಸುವ ಪ್ರಮೇಯವಿಲ್ಲ. ಓಡುವಾಗ ಒಂದೇ ಗೇರಿನಲ್ಲಿ ಸದ್ದಿದ್ದರೆ ಆ ಜೋಡಿಯ ಹಲ್ಲುಗಳದ್ದು. ಒಂದು, ಎರಡು, ಮೂರರಲ್ಲಿ ಕೂಗಿ ನಾಲ್ಕರಲ್ಲಿ ಶಾಂತವಾದರೆ ಅನೇಕರು "ಟಾಪಿನಲ್ಲಿ ಸರಿಯಿದೆ, ಓಡಲಿ" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ನಮ್ಮ ಜೀಪುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರು. ಅದರಲ್ಲಿ ಎಂಜಿನಿನ ಬಲ ಕೌಂಟರ್ ಶಾಫ್ಟನ್ನು ಬಳಸದೆ ನೇರ ಹಿಂದಕ್ಕೆ ಹೋಗುವುದರಿಂದ ಆ ಶಾಫ್ಟಿನ ಮೇಲೆ ಭಾರವೇ ಬೀಳುವುದಿಲ್ಲ. ಆ ಮೌನವೇ ಕೌಂಟರ್ ಶಾಫ್ಟಿನ ಬೇರಿಂಗ್ ಕೆಟ್ಟಿರುವುದಕ್ಕೆ ಸಾಕ್ಷಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಗೇರು ತಾನಾಗಿ ಜಾರಿ ನ್ಯೂಟ್ರಲಿಗೆ ಬರುತ್ತಿದ್ದರೆ ಲಾಕಿನ ಸ್ಪ್ರಿಂಗ್, ಗೇರು ಸರಿಸುವ ಸವೆದ ಫೋರ್ಕ್, ದುಂಡಗಾದ ಹಲ್ಲುತುದಿ ಅಥವಾ ಪೆಟ್ಟಿಗೆ ಕೂರುವ ಮೌಂಟಿನ ಹರಿದ ರಬ್ಬರ್ ಇವುಗಳಲ್ಲಿ ಯಾವುದೋ ಒಂದು ಕಾರಣವಿರುತ್ತದೆ. ಲಿವರಿಗೆ ಹಗ್ಗ ಕಟ್ಟಿ ಸೀಟಿನ ಕಂಬಿಗೆ ಬಿಗಿದು ಓಡಿಸುವುದನ್ನು ಈ ಕಣ್ಣುಗಳಿಂದ ನೋಡಿದ್ದೇನೆ. ಏರಿಳಿತದ ದಾರಿಯಲ್ಲಿ ಎಂಜಿನಿನ ಹಿಡಿತ ಒಮ್ಮೆಲೇ ತಪ್ಪಿದರೆ ಕಾಲಡಿಯ ಬ್ರೇಕ್ ಎಷ್ಟು ಹೊತ್ತು ತಡೆದೀತು?

ಎಣ್ಣೆಯ ವಿಷಯದಲ್ಲಿ ನಮ್ಮವರಿಗೆ ಎರಡು ತಪ್ಪು ಅಭ್ಯಾಸಗಳಿವೆ. ಒಂದು, ನೆಲಕ್ಕೆ ಸೋರದಿದ್ದರೆ ಎಣ್ಣೆ ಸರಿಯಾಗಿದೆಯೆಂದು ನಂಬುವುದು. ಹಳೆಯ ಜೀಪುಗಳಲ್ಲಿ ಗೇರ್ ಬಾಕ್ಸಿಗೂ, ಅದಕ್ಕಂಟಿಕೊಂಡು ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಸೀಲ್ ಹೋದರೆ, ಒಂದರ ಎಣ್ಣೆ ಸದ್ದಿಲ್ಲದೆ ಮತ್ತೊಂದಕ್ಕೆ ಸರಿಯುತ್ತದೆ. ನೆಲದಲ್ಲಿ ಒಂದು ತೊಟ್ಟೂ ಬೀಳದೆ ಗೇರ್ ಬಾಕ್ಸ್ ಒಣಗುತ್ತದೆ. ಆದ್ದರಿಂದ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಎರಡರ ಮಟ್ಟವನ್ನೂ ಬೇರೆಬೇರೆಯಾಗಿ ನೋಡಬೇಕು. ಇನ್ನೊಂದು, ಅಂಗಡಿಯಲ್ಲಿ "ಒಳ್ಳೆಯ ಗೇರ್ ಆಯಿಲ್" ಕೇಳಿ ದುಬಾರಿಯಾದದ್ದನ್ನು ತರುವುದು. ಡಬ್ಬಿಯ ಮೇಲೆ ಎಣ್ಣೆಯ ಮಂದತೆ ಹೇಳುವ 80ಡಬ್ಲ್ಯು-90 ಎಂಬ ಸಂಖ್ಯೆಯ ಜೊತೆಗೆ ಜಿಎಲ್-4 ಅಥವಾ ಜಿಎಲ್-5 ಎಂಬ ದರ್ಜೆಯಿರುತ್ತದೆ. ಐದು ನಾಲ್ಕಕ್ಕಿಂತ ಮೇಲೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಜಿಎಲ್-5 ಮುಖ್ಯವಾಗಿ, ಎರಡು ಬದಿಯ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ಲಿನಂತಹ ತೀವ್ರ ಒತ್ತಡದ ಗೇರುಗಳಿಗೆ ಮಾಡಿದ್ದು. ಅದರಲ್ಲಿ ಹೆಚ್ಚು ಪ್ರಮಾಣದಲ್ಲಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಗೇರ್ ಬಾಕ್ಸಿನ ಗೇರು ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೋ ರಿಂಗುಗಳನ್ನು ಕಾಲಕ್ರಮದಲ್ಲಿ ತಿನ್ನಬಲ್ಲವು. ಕೈಪಿಡಿ ಜಿಎಲ್-4 ಎಂದಿದ್ದರೆ ಜಿಎಲ್-4 ಅನ್ನೇ ಹಾಕಬೇಕು. ಹಳೆಯ ಎಣ್ಣೆಯನ್ನು ಇಳಿಸುವಾಗ ಬೋಲ್ಟಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಮಸಿ ಅಂಟಿದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವಂತಹ ಚಕ್ಕೆಗಳಿದ್ದರೆ ಪೆಟ್ಟಿಗೆ ಬಿಚ್ಚುವ ಸಮಯ ಬಂದಿದೆ. ಎಣ್ಣೆಯಲ್ಲಿ ಚಿನ್ನದ ಬಣ್ಣದ ಮಿನುಗು ಕಂಡರೆ ಹಿತ್ತಾಳೆಯ ರಿಂಗುಗಳು ಕರಗುತ್ತಿವೆ. ಹಳೆಯ ಜೀಪು ಕೊಳ್ಳುವವರು ಈ ಬೋಲ್ಟನ್ನು ತಮ್ಮೆದುರೇ ಬಿಚ್ಚಿಸಿ ನೋಡುವುದು ಲೇಸು, ಯಾಕೆಂದರೆ ಸದ್ದು ಅಡಗಿಸಲು ಗೇರ್ ಎಣ್ಣೆಗೆ ಮರದ ಹೊಟ್ಟು ಬೆರೆಸಿ ಮಾರುವ ಹಳೆಯ ಉಪಾಯ ಪೂರ್ತಿ ಮರೆತುಹೋಗಿಲ್ಲ.

ಇನ್ನು ಚಾಲನೆಯ ಮಾತು. ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ 200 ಲೀಟರಿನ ಎರಡು ಡ್ರಮ್ ಬೋರ್ಡೋ ದ್ರಾವಣವನ್ನು ಹೇರಿದರೆ ಅಷ್ಟಕ್ಕೇ ನಾನೂರು ಕಿಲೋ ಮೀರಿತು. ಜೊತೆಗೆ ಪಂಪು, ಪೈಪು, ನಾಲ್ವರು ಕೆಲಸದವರು. ಕೆಸರಿನಲ್ಲಿ ಚಕ್ರ ಗಿರಗಿರನೆ ತಿರುಗುತ್ತಿರುವಾಗ ಚಾಲಕ ಹಠದಿಂದ ಆಕ್ಸಿಲರೇಟರ್ ಒತ್ತುತ್ತಾನೆ, ತಿರುಗುತ್ತಿದ್ದ ಚಕ್ರ ಕೆಸರಿನಡಿಯ ಮುರಕಲ್ಲಿಗೆ ತಗಲಿ ಒಮ್ಮೆಲೇ ಹಿಡಿಯುತ್ತದೆ. ಆ ಕ್ಷಣದ ಪೆಟ್ಟು ಡ್ರಮ್ಮಿನ ಭಾರಕ್ಕಿಂತ ಹಲವು ಪಟ್ಟು ಹೆಚ್ಚಿನದು, ಲೋ ಗೇರಿನಲ್ಲಿದ್ದರೆ ಹೇಳುವುದೇ ಬೇಡ. ನಾನು ಬಿಚ್ಚಿದ ಪೆಟ್ಟಿಗೆಗಳಲ್ಲಿ ಒಂದೇ ಏಟಿಗೆ ಮುರಿದ ಹಲ್ಲುಗಳ ಹಿಂದೆ ಬಹುತೇಕ ಇಂತಹದೇ ಕಥೆಯಿರುತ್ತಿತ್ತು. ಚಕ್ರ ಜಾರತೊಡಗಿದ ಕೂಡಲೇ ಕಾಲು ತೆಗೆದು, ಅಡಿಗೆ ಸೋಗೆಯೋ ಕಲ್ಲೋ ಹಾಕಿ, ನಿಧಾನವಾಗಿ ಹತ್ತಿಸುವ ತಾಳ್ಮೆ ಬೇಕು. ಹಾಗೆಯೇ ಹಳೆಯ ಮೂರು ಗೇರಿನ ಪೆಟ್ಟಿಗೆಗಳಲ್ಲಿ ಒಂದನೇ ಗೇರಿಗೂ ರಿವರ್ಸಿಗೂ ಸಿಂಕ್ರೋ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ರಿವರ್ಸ್ ಹಾಕುವ ಅವಸರ ಅವುಗಳ ಹಲ್ಲಿನ ತುದಿಗಳನ್ನು ತಿಂದುಹಾಕಿದೆ.

ಗುಡ್ಡ ಇಳಿದು ಟಾರು ರಸ್ತೆ ಸೇರಿದ ಮೇಲೂ ಫೋರ್ ವ್ಹೀಲ್ ತೆಗೆಯದೆ ಚೆರ್ಕಳದವರೆಗೂ ಓಡಿಸುವವರಿದ್ದಾರೆ. ಎರಡನೇ ಮಹಾಯುದ್ಧದ ಜೀಪಿನ ವಂಶದಲ್ಲಿ ಹುಟ್ಟಿದ ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಿಲುಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಒಣ ಟಾರಿನಲ್ಲಿ ಜಾರಲು ಎಡೆಯಿಲ್ಲದೆ ಟ್ರಾನ್ಸ್‌ಫರ್ ಕೇಸಿನ ಗೇರುಗಳೂ ಆಕ್ಸಿಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸುಗಳೂ ಹಗ್ಗ ಹೊಸೆದಂತೆ ಬಿಗಿಯುತ್ತವೆ. ಲಿವರ್ ಎಳೆದರೂ ಬಾರದಷ್ಟು ಬಿಗಿಯಾಗಿದ್ದರೆ ಸುತ್ತಿಗೆ ಹುಡುಕುವ ಬದಲು ಗಾಡಿಯನ್ನು ನಾಲ್ಕು ಮಾರು ನೇರ ಹಿಂದಕ್ಕೆ ತೆಗೆದು ನೋಡಬೇಕು. ಮುಂದೆ ಹೊಸ ಟಯರು, ಹಿಂದೆ ಬೋಳು ಟಯರು ಹಾಕಿ ಫೋರ್ ವ್ಹೀಲ್ ಬಳಸಿದರೂ ಇದೇ ಬಿಗಿತ, ಅದೂ ನೇರ ರಸ್ತೆಯಲ್ಲಿ.

ಕೆಟ್ಟ ಗಾಡಿಯನ್ನು ಪೇಟೆಗೆ ಎಳೆದು ತರುವಾಗ ಆಗುವ ಹಾನಿ ಯಾರ ಗಮನಕ್ಕೂ ಬರುವುದಿಲ್ಲ. ಈ ಪೆಟ್ಟಿಗೆಗಳಲ್ಲಿ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುವುದು ಎಂಜಿನಿನೊಂದಿಗೆ ತಿರುಗುವ ಕೌಂಟರ್ ಶಾಫ್ಟ್. ಎಂಜಿನ್ ನಿಂತಿದ್ದು, ಹಿಂದಿನ ಚಕ್ರಗಳು ನೆಲದಲ್ಲಿ ಉರುಳುತ್ತಿದ್ದರೆ ಮೇಲಿನ ಮುಖ್ಯ ಶಾಫ್ಟ್ ಒಣಗಿದ ಬೇರಿಂಗುಗಳಲ್ಲಿ ಮೈಲಿಗಟ್ಟಲೆ ತಿರುಗುತ್ತದೆ. ಕ್ಲಚ್ ಕೇಬಲ್ ತುಂಡಾದದ್ದಷ್ಟೇ ದೋಷವಾಗಿದ್ದ ಗಾಡಿ ವರ್ಕ್‌ಶಾಪು ಮುಟ್ಟುವಾಗ ಗೇರ್ ಬಾಕ್ಸನ್ನೂ ಕಳೆದುಕೊಂಡಿರಬಹುದು. ನಾಲ್ಕು ಬೋಲ್ಟ್ ಬಿಚ್ಚಿ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕಳಚಿ ಎಳೆದರೆ ಈ ತೊಂದರೆ ಇರುವುದಿಲ್ಲ. ಆದರೆ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಆ ಶಾಫ್ಟಿನ ಬುಡದ ಡ್ರಮ್ಮಿನಲ್ಲಿದೆ ಎಂಬುದು ನೆನಪಿರಲಿ: ಶಾಫ್ಟ್ ಕಳಚಿದರೆ, ಕ್ರಾಸ್ ಮುರಿದರೆ, ಹ್ಯಾಂಡ್ ಬ್ರೇಕ್ ಎಷ್ಟು ಎಳೆದರೂ ಗಾಡಿ ಉರುಳುತ್ತದೆ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲಿನಲ್ಲಿದ್ದರೆ ಗೇರಿಗೆ ಹಾಕಿ ನಿಲ್ಲಿಸಿದ್ದೂ ವ್ಯರ್ಥ. ಏರಿನಲ್ಲಿ ಕೆಟ್ಟು ನಿಂತ ಜೀಪಿನ ಚಕ್ರಕ್ಕೆ ಕಲ್ಲು ಕೊಡದೆ ಯಾರೂ ಅದರ ಅಡಿಗೆ ನುಸುಳಬಾರದು.

ತಮ್ಮ ಪತ್ರಿಕೆಯ ಮೂಲಕ ಎರಡು ಬೇಡಿಕೆಗಳನ್ನು ಮುಂದಿಡುತ್ತೇನೆ. ಗೇರ್ ಬಾಕ್ಸ್ ಬಿಚ್ಚಿದ ವರ್ಕ್‌ಶಾಪುಗಳು ಮುರಿದ ಭಾಗಗಳನ್ನೂ ಇಳಿಸಿದ ಎಣ್ಣೆಯ ಒಂದು ಬಾಟಲಿಯನ್ನೂ ಮಾಲೀಕರಿಗೆ ತೋರಿಸಿ, ಮುರಿಯಲು ಕಾರಣವೇನೆಂದು ಬಿಲ್ಲಿನಲ್ಲಿ ಒಂದು ಸಾಲು ಬರೆದುಕೊಡಲಿ. ಮಾಲೀಕರೂ ಅದನ್ನು ಕೇಳಿ ಪಡೆಯಲಿ. ಇನ್ನೊಂದು, ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರಾದ ನಮಗೆ ಗಾಡಿ ಮಾರುವ ಕಂಪೆನಿಗಳು ಎಣ್ಣೆಯ ದರ್ಜೆ, ಬದಲಾಯಿಸುವ ಅವಧಿ, ಫೋರ್ ವ್ಹೀಲ್ ಬಳಕೆಯ ಸೂಚನೆ ಇವಿಷ್ಟನ್ನಾದರೂ ಕನ್ನಡದ ಒಂದು ಹಾಳೆಯಲ್ಲಿ ಅಚ್ಚುಹಾಕಿ ಕೊಡಬೇಕು. ನನ್ನಲ್ಲಿಗೆ ಬರುತ್ತಿದ್ದ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಕೈಪಿಡಿಗಳು ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ ಹೊಸದಾಗಿಯೇ ಇರುತ್ತಿದ್ದವು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀಪು ಮೆಕ್ಯಾನಿಕ್, ಮುಳ್ಳೇರಿಯ